ಹಿತ್ತಲ ಕಡೆಯ ಎರಡು ಕೋಣೆ

ನಂಜನಗೂಡಿನ ಆ ಮನೆಯನ್ನು ನಾನು ಮೆಚ್ಚಿದ್ದು ಬೀದಿಗೆ ಕಾಣುವ ಭಾಗ ನೋಡಿ ಅಲ್ಲ. ಅದು ಆ ಬೀದಿಯ ಬೇರೆಲ್ಲ ಮನೆಗಳ ಹಾಗೇ ಇತ್ತು. ಕಿರಿದಾದ ಜಗಲಿ, ಹಗಲಲ್ಲೂ ಲೈಟು ಹಾಕಬೇಕಾದ ನಡುಮನೆ, ಮಳೆ ಬಂದರೆ ಎಲ್ಲೆಲ್ಲಿ ಪಾತ್ರೆ ಇಡಬೇಕೆಂದು ಮನೆಯವರಿಗಷ್ಟೇ ಗೊತ್ತಿರುವ ಹೆಂಚಿನ ಸೂರು. ನನ್ನ ಕಾಲು ನಿಂತದ್ದು ಹಿತ್ತಲ ಕಡೆಗೆ ಆಮೇಲೆ ಸೇರಿಸಿ ಕಟ್ಟಿದ್ದ ಎರಡು ಕೋಣೆಗಳಲ್ಲಿ.

ಒಂದು ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡೇ ಬಚ್ಚಲುಮನೆ. ನಡುವೆ ಹೊಸಿಲಿರಲಿಲ್ಲ. ಹೊಸಿಲಿಲ್ಲದ ಬಾಗಿಲನ್ನು ನಮ್ಮ ಕಡೆ ನಾನು ನೋಡಿದ್ದು ಆಸ್ಪತ್ರೆಗಳಲ್ಲಿ ಮಾತ್ರ. ಬಾಗಿಲು ಅಗಲವಾಗಿತ್ತು, ವೀಲ್‌ಚೇರ್ ಸಲೀಸಾಗಿ ಹೋಗುವಷ್ಟು. ಕಿಟಕಿಯನ್ನು ಬೇಕೆಂದೇ ತಗ್ಗಿನಲ್ಲಿ ಇರಿಸಿದ್ದರು, ಮಲಗಿದವರಿಗೂ ಹಿತ್ತಲ ಸೀಬೆಮರ ಕಾಣಲಿ ಎಂದು. ಗೋಡೆಯುದ್ದಕ್ಕೂ ಹಿಡಿದು ನಡೆಯಲು ಒಂದು ಕಬ್ಬಿಣದ ಸರಳು. ಕೈ ಉಜ್ಜಿ ಉಜ್ಜಿ ಅದರ ಬಣ್ಣ ಪೂರ್ತಿ ಹೋಗಿತ್ತು.

ನನ್ನ ಮಂಡಿಗಳ ಕಥೆ ಹೇಳಿ ಯಾರನ್ನೂ ಬೋರ್ ಮಾಡುವುದಿಲ್ಲ. ಆ ಸರಳು ಹಿಡಿದು ಬಚ್ಚಲವರೆಗೆ ಹೋಗಿ ವಾಪಸು ಬಂದಾಗ, 'ಸಮ್‌ಒನ್ ಹ್ಯಾಸ್ ಥಾಟ್ ಆಫ್ ಮೀ' ಅನ್ನಿಸಿತು. ಇಂಗ್ಲಿಷಿನಲ್ಲೇ ಅನ್ನಿಸಿತು. ಮೈಸೂರಿನ ಕಾನ್ವೆಂಟಿನಲ್ಲಿ ಸನ್ಯಾಸಿನಿಯರ ಕೈಯಲ್ಲಿ ಬೆಳೆದದ್ದರ ಫಲ ಇದು. ಖುಷಿಯಾದರೆ ಇಂಗ್ಲಿಷ್ ಬರುತ್ತದೆ, ನೋವಾದರೆ ಕನ್ನಡ.

ನಮ್ಮವರು ಬ್ಯಾಂಕಿನಲ್ಲಿದ್ದರು. ಮದುವೆಯಾದ ಮೇಲೆ ನಾನು ಇದ್ದದ್ದೆಲ್ಲ ಕ್ವಾರ್ಟರ್ಸಿನಲ್ಲಿ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಅವರು 'ಇದು ನಮ್ಮದಲ್ಲ ಕಣೆ' ಅನ್ನುತ್ತಿದ್ದರು. ರಿಟೈರ್ ಆದ ಮೇಲೂ ಮೈಸೂರಿನಲ್ಲಿ ಬಾಡಿಗೆ ಮನೆಯೇ ಅಭ್ಯಾಸವಾಗಿ ಉಳಿಯಿತು. ಮಕ್ಕಳಾಗಲಿಲ್ಲ. ಅವರು ಹೋದ ಮೇಲೆ, ಒಂದು ಗೋಡೆಗಾದರೂ ನಿಶ್ಚಿಂತೆಯಿಂದ ಮೊಳೆ ಹೊಡೆದು ಸಾಯಬೇಕು ಎಂಬ ಹುಚ್ಚು ಹತ್ತಿತು. ನಂಜನಗೂಡೇ ಯಾಕೆಂದರೆ, ನನ್ನ ತಂದೆ ಇಲ್ಲಿನ ಅಂಚೆ ಕಚೇರಿಯಲ್ಲಿದ್ದರು. ಬೋರ್ಡಿಂಗಿಗೆ ಹಾಕುವವರೆಗೆ ನಾನು ಕಪಿಲೆಯ ನೀರು ಕುಡಿದೇ ಬೆಳೆದವಳು.

ಮನೆಯ ಮಾಲೀಕರು ಅರವತ್ತು ದಾಟಿದವರು. ಮನೆ ಮಾರಿ ಮೈಸೂರಿನಲ್ಲಿ ಮಗನ ಸಂಸಾರದ ಜೊತೆ ಇರಲು ಹೊರಟಿದ್ದರು. ಮೊದಲ ದಿನ ಮುಂದಿನ ಭಾಗ ತೋರಿಸಿ, "ಇಂದ್ಲೂ ಅದೆ, ಬನ್ನಿ ಮೇಡಂ" ಅಂತ ಹಿಂದಕ್ಕೆ ಕರೆದುಕೊಂಡು ಬಂದರು. ಅಲ್ಲಿ ಅವರೆಕಾಯಿ ಸುಲಿಯುತ್ತ ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದರು.

"ನಮ್ಮಕ್ಕ. ನರ್ಸಾಗಿದ್ರು," ಎಂದರು ಮಾಲೀಕರು.

ಟಿ. ನರಸೀಪುರದ ಆಚೆ, ಹೆಮ್ಮಿಗೆಯ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತ, ದಿನಾ ನಂಜನಗೂಡಿನಿಂದ ಬಸ್ಸು ಹಿಡಿದು ಹೋಗಿ ಬಂದು ಸರ್ವೀಸ್ ಮುಗಿಸಿದವರಂತೆ. ಮದುವೆಯಾಗಿರಲಿಲ್ಲ. ಬೀದಿಯವರೆಲ್ಲ ಅವರನ್ನು ನರ್ಸಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಅಂದೆ.

ಮಾಲೀಕರು ಫೋನ್ ಬಂತೆಂದು ಹೊರಗೆ ಹೋದಾಗ ನರ್ಸಕ್ಕ ಒಂದು ಚೊಂಬು ನೀರು ತಂದು ಬಚ್ಚಲ ಮೂಲೆಯಲ್ಲಿ ಸುರಿದರು. ನೀರು ಸದ್ದಿಲ್ಲದೆ ಎದುರು ಮೂಲೆಯ ಜಾಲರಿಗೆ ಹೋಗಿ ಸೇರಿತು.

"ನೋಡ್ಕಳಿ, ಒಂದು ತೊಟ್ಟು ನಿಲ್ಲಾಕಿಲ್ಲ," ಎಂದರು. ಮನೆ ಮಾರುವವರ ದನಿಯಂತೆ ಇರಲಿಲ್ಲ ಅದು. ಮಗುವನ್ನು ಹಾಡು ಹೇಳೆಂದು ಮುಂದೆ ನಿಲ್ಲಿಸಿದ ತಾಯಿಯ ದನಿ.

ನಾನು ಗೊತ್ತುಮಾಡಿದ ಲಾಯರು ಪೇಪರು ನೋಡಿದ ಮೇಲೆ ತೊಂದರೆ ಶುರುವಾಯಿತು. ಮುಂದಿನ ಹೆಂಚಿನ ಮನೆಗೆ ಎಲ್ಲ ದಾಖಲೆ ಇತ್ತು, ಅದು ಮಾಲೀಕರ ತಂದೆ ಕಟ್ಟಿಸಿದ್ದು. ಹಿಂದಿನ ಕೋಣೆಗಳಿಗೆ ಒಂದು ಚೂರು ಕಾಗದವೂ ಇರಲಿಲ್ಲ.

"ಮೇಡಂ, ನಿಮಗೆ ಇಷ್ಟವಾದ ರೂಮು ಕಾಗದದ ಪ್ರಕಾರ ಇನ್ನೂ ಹುಟ್ಟೇ ಇಲ್ಲ," ಎಂದರು ಲಾಯರು. ಆಮೇಲೆ ಮಾಲೀಕರ ಕಡೆ ತಿರುಗಿ, "ಪ್ಲ್ಯಾನ್ ಇಲ್ಲ, ಲೈಸೆನ್ಸ್ ಇಲ್ಲ, ಕಂದಾಯಕ್ಕೂ ಸೇರಿಸಿಲ್ಲ. ಯಾರ್ರೀ ಕಟ್ಸಿದ್ದು? ಯಾವಾಗ? ಅದನ್ನಾದ್ರೂ ಹೇಳಿ."

"ನಮ್ದೇ ಸಾ. ಮನೆಯೋರೇ ಕಟ್ಸಿದ್ದು."

"ಮನೆಯೋರಿಗೆ ಹೆಸರಿರಲ್ವೇನ್ರೀ?"

"ಇನ್ಯಾರು ಸಾ, ನಾವೇಯ," ಎಂದು ಮಾಲೀಕರು ಶರ್ಟಿನ ಕಾಲರನ್ನು ಸುಮ್ಮನೆ ಸರಿಮಾಡಿಕೊಂಡರು.

ನನಗೆ ಆಗ ಏನೂ ಅನ್ನಿಸಲಿಲ್ಲ. ಕರ್ಟನ್ನಿಗೆ ಅಳತೆ ತೆಗೆದುಕೊಳ್ಳಲೆಂದು ಮತ್ತೆ ಹೋದೆ. ಇನ್ನೂ ನಮ್ಮದಾಗದ ಮನೆಗೆ ಕರ್ಟನ್! ನಮ್ಮವರು ಇದ್ದಿದ್ದರೆ ನಕ್ಕಿರುತ್ತಿದ್ದರು. ನರ್ಸಕ್ಕ ಕಾಫಿ ಮಾಡಿದರು. ಲಾಯರು ಕೇಳಿದ ಪ್ರಶ್ನೆಯನ್ನೇ ನಾನು ಮಾತಿಗೆಂದು ಕೇಳಿದೆ.

"ಅವ್ವ ಜಾರ್ಬಿದ್ದು ಸೊಂಟ ಮುರ್ಕಂಡ್ರು," ಎಂದು ಅವರು ಎಲ್ಲಿಂದಲೋ ಶುರು ಮಾಡಿದರು. "ಆಗ ಬಚ್ಚಲು ಇತ್ಲು ಕೊನೇಲಿತ್ತು. ನಾನು ಡ್ಯೂಟಿಗೋದ್ರೆ ಬರೋಗಂಟ ನೀರೇ ಕುಡೀತಿರ್ಲಿಲ್ಲ ಆವಮ್ಮ. ಕುಡುದ್ರೆ ಎದ್ದೋಗ್ಬೇಕಾಯ್ತದಲ್ಲ, ಯಾರ್ನ ಕರೆಯೋದು ಅಂತ. ಸಂಜೆ ಬಂದು ನೋಡುದ್ರೆ ತುಟಿ ಒಣ್ಗಿರದು. ಊರೋರಿಗೆಲ್ಲ ನೀರ್ ಕುಡೀರಿ ನೀರ್ ಕುಡೀರಿ ಅಂತ ಯೋಳ್ಕಂಡ್ ತಿರುಗ್ತಿದ್ದೋಳು ನಾನು. ಅದ್ಕೇ ಪಿ.ಎಫ್. ಲೋನ್ ತಕ್ಕಂಡು ಕಟ್ಸ್ದೆ."

"ನೀವಾ?"

"ಊಂ ಕಣವ್ವ. ಅಳತೆನೂ ನಂದೇ. ಆಸ್ಪತ್ರೆ ವಾರ್ಡಿನ ಬಾಗ್ಲ ಸೆರಗಲ್ಲಿ ಅಳ್ದ್ಕಂಡ್ಬಂದು ಮೇಸ್ತ್ರಿಗೆ ತೋರುಸ್ದೆ. 'ಏನ್ ನರ್ಸಕ್ಕ, ಮನೆ ಕಟ್ಟುಸ್ತಿದ್ದಿಯೋ ನರ್ಸಿಂಗ್ ಓಮೋ' ಅಂತ ಆಡ್ಕಂಡ. ಊರೋರೂ ಆಡ್ಕಂಡ್ರು, ಹೊಸ್ಲಿಲ್ದ ಬಾಗ್ಲು ಮನೆಗೆ ಒಳ್ಳೇದಲ್ಲ ಅಂತ. ಅವ್ವ ಮಾತ್ರ ಮೊದಲ್ನೇ ದಿನ ಸರಳು ಇಡ್ಕಂಡು ತಾವೇ ಬಚ್ಚಲಿಗೋಗಿ ಬಂದು, ಎರಡು ಲೋಟ ನೀರು ಕುಡುದ್ರು. ಕೇಳಿ ಇಸ್ಕಂಡು ಕುಡುದ್ರು."

ಇಷ್ಟು ಹೇಳಿ ತಾಯಿಯ ಮಂಚವಿದ್ದ ಜಾಗವನ್ನು ಕಣ್ಣಿನಲ್ಲೇ ತೋರಿಸಿದರು. ಆ ತಾಯಿ ತೀರಿಕೊಂಡದ್ದೂ ಅಲ್ಲೇ.

ಅವರೇ ಕಟ್ಟಿಸಿದ್ದಕ್ಕೆ ಏನಾದರೂ ಗುರುತು ಇದೆಯೇ ಎಂದು ಕೇಳಿದೆ. ಸಿಮೆಂಟು ಇಟ್ಟಿಗೆಯ ಬಿಲ್ಲುಗಳು ಯಾವಾಗಲೋ ಹೋಗಿದ್ದವು, ಇದ್ದಾಗಲೂ ತಮ್ಮನ ಹೆಸರಲ್ಲೇ ಇದ್ದವಂತೆ. "ಯಾರೂ ಬೇಕಂತ ಬರುಸ್ಲಿಲ್ಲ, ಅಂಗೇ ಬಂತು. ಅಂಗ್ಡೀಲಿ ಎಂಗುಸ್ರ ಯೆಸ್ರು ಕೇಳ್ತಾರಾ?" ಎಂದರು. ಆಮೇಲೆ ಒಳಗಿನಿಂದ ಒಂದು ಫೋಟೋ ತಂದರು. ಮನೆ ಕಟ್ಟುವಾಗ ಬಾಗಿಲ ಚೌಕಟ್ಟು ನಿಲ್ಲಿಸಿ ಪೂಜೆ ಮಾಡುತ್ತಾರಲ್ಲ, ಆ ದಿನದ್ದು. ಚೌಕಟ್ಟಿಗೆ ಮಾವಿನೆಲೆ, ಅರಿಶಿನದ ಬಟ್ಟೆ. ಮುಂದೆ ಮಣೆಯ ಮೇಲೆ ಕೂತವರು ಮಾಲೀಕರು, ಪಕ್ಕದಲ್ಲಿ ಹೆಡತಲೆ ಊರಿನಿಂದ ಮದುವೆಯಾಗಿ ಬಂದ ಅವರ ಹೆಂಡತಿ, ರೇಷ್ಮೆ ಸೀರೆಯಲ್ಲಿ.

"ನೀವೆಲ್ಲಿ?"

"ನಾನಾ? ಕೆಲಸದೋರಿಗೆ ಬೋಂಡ ಕರೀತಿದ್ದೆ. ಬಾಗ್ಲು ಪೂಜೇಗೆ ಗಂಡ ಎಂಡ್ತಿ ಕುಂತ್ಕಬೇಕು ಕಣವ್ವ. ಒಂಟಿಯಾಗಿರೋರು ಕುಂತ್ಕಬಾರ್ದು."

ದೂರಿನ ದನಿಯೇ ಇರಲಿಲ್ಲ. ಕಾರ್ತೀಕದಲ್ಲಿ ದೀಪ ಹಚ್ಚಬೇಕು ಎಂದಷ್ಟೇ ಸಹಜವಾಗಿ ಹೇಳಿದರು. ಬಸ್ಸಿನಲ್ಲಿ ಮೈಸೂರಿಗೆ ಬರುವಾಗ ನನಗೆ ಮಾತ್ರ ಆ ಫೋಟೋ ಕಣ್ಣ ಮುಂದಿನಿಂದ ಹೋಗಲಿಲ್ಲ.

ಒಂದು ವಾರ ಕಳೆದು ಲಾಯರು ದಾರಿ ಹುಡುಕಿದರು. ಹಿಂದಿನ ಕೋಣೆಗಳನ್ನೂ ತಂದೆಯ ಕಾಲದ್ದು ಎಂದೇ ಬರೆದುಬಿಡುವುದು. ಅಷ್ಟು ಹಳೆಯದಕ್ಕೆ ಯಾರೂ ಪ್ಲ್ಯಾನ್ ಕೇಳುವುದಿಲ್ಲ. ಆದರೆ ತಂದೆಯ ಆಸ್ತಿ ಅಂದ ಮೇಲೆ ಮಗಳಿಗೂ ಹಕ್ಕಿರುತ್ತದೆ. ಆದ್ದರಿಂದ ನರ್ಸಕ್ಕ ತಮ್ಮ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಒಂದು ಪತ್ರಕ್ಕೆ ಸಹಿ ಹಾಕಬೇಕು.

"ಆಕ್ತಾರೆ ಬುಡಿ ಸಾ," ಎಂದರು ಮಾಲೀಕರು. "ನಮ್ಮಕ್ಕ ಇವತ್ತಿನ್ಗಂಟ ಯಾವ್ದುಕ್ಕೂ ಇಲ್ಲ ಅಂದಿಲ್ಲ."

ಆ ಪತ್ರದ ಕರಡನ್ನು ನರ್ಸಕ್ಕನಿಗೆ ಓದಿ ಹೇಳಿದ್ದು ನಾನೇ. ಅವರಿಗೆ ಓದಲು ಬರುತ್ತಿರಲಿಲ್ಲವೆಂದಲ್ಲ. ಕನ್ನಡಕ ಒರೆಸಿ, ಮತ್ತೆ ಒರೆಸಿ, "ನಿಮ್ ಬಾಯಲ್ಲಿ ಕೇಳ್ತೀನಿ" ಅಂದರು. ಪತ್ರ ಹೀಗಿತ್ತು: ನನ್ನ ತಂದೆಯವರು ತಮ್ಮ ಸ್ವಂತ ಸಂಪಾದನೆಯಿಂದ ಕಟ್ಟಿಸಿದ ಮುಂಭಾಗದ ಹೆಂಚಿನ ಮನೆ ಹಾಗೂ ಹಿಂಭಾಗದ ಎರಡು ಕೊಠಡಿಗಳ ಮೇಲೆ ನನಗಿರಬಹುದಾದ ಸಕಲ ಹಕ್ಕುಗಳನ್ನು, ಅರಿಶಿನ ಕುಂಕುಮದ ಬಾಬ್ತು ಸಂದಾಯವಾಗಿರುವುದರಿಂದ, ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ.

ಹೆಣ್ಣುಮಕ್ಕಳು ಪಾಲು ಬಿಟ್ಟುಕೊಡುವಾಗ ಇಲ್ಲಿನ ಪತ್ರ ಬರೆಯುವವರು ಹಾಗೇ ಬರೆಯುವುದು. ತವರಿನಿಂದ ಸೀರೆ, ಬಳೆ, ಅರಿಶಿನ ಕುಂಕುಮ ಸಿಕ್ಕಿದೆ, ಇನ್ನೇನೂ ಬೇಡ ಎಂದರ್ಥ. ನರ್ಸಕ್ಕನಿಗೆ ನಗು ಬಂತು. ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

"ಅರಿಸ್ನ ಕುಂಕ್ಮಕ್ಕಾ! ಮದ್ವೆ ಮಾಡಿ ಕೊಡ್ನಿಲ್ಲ, ಕಾಗ್ದದಲ್ಲಾದ್ರೂ ಕೊಟ್ರಲ್ಲ ನಮ್ಮನೆಯೋರು!"

ನಗು ನಿಂತ ಮೇಲೆ ಪತ್ರದ ಮೇಲೆ ಬೆರಳಿಟ್ಟರು. "ಇದೊಂದು ಮಾತ್ರ ಬ್ಯಾಡ ಕಣವ್ವ. ಅಪ್ಪ ಕಟ್ಸಿದ್ದು ಅನ್ನೋದು. ಅಪ್ಪ ಇದ್ದಾಗ ಇಲ್ಲಿ ದನ ಕಟ್ತಿದ್ರು."

"ಹಾಗಾದರೆ ಸೈನ್ ಹಾಕಬೇಡಿ. ಯು ಹ್ಯಾವ್ ಎ ರೈಟ್, ನರ್ಸಕ್ಕ," ಎಂದೆ.

"ರೈಟು ಇದ್ದದು. ಅದನ್ನಿಟ್ಕಂಡು ತಮ್ಮನ್ನ ಕೋರ್ಟಿಗೆ ಎಳೀಲಾ? ಅವ್ನ ಮಕ್ಕಳ ಎದೆ ಮೇಲೆ ಆಕ್ಕಂಡು ಬೆಳ್ಸಿವ್ನಿ ನಾನು. ನಂಗೆ ದುಡ್ಡೂ ಬ್ಯಾಡ, ಪಾಲೂ ಬ್ಯಾಡ. ಇಂದ್ಲೆರಡು ರೂಮ ಇವ್ಳು ಕಟ್ಸಿದ್ಲು ಅಂತ ಒಂದ್ಗೆರೆ ಬರುಸ್ಬುಡಿ. ಅಷ್ಟೇಯ. ನಿಮ್ಗೆ ಇಂಗ್ಲಿಷ್ ಬತ್ತದೆ, ನಿಮ್ ಮಾತಾದ್ರೆ ಕೇಳ್ತಾರೆ."

'ಐ ವಿಲ್ ಟ್ರೈ' ಅಂದೆ. ಕನ್ನಡದಲ್ಲಿ ಹೇಳಿದ್ದರೆ ಮಾತು ಕೊಟ್ಟ ಹಾಗಾಗುತ್ತಿತ್ತು.

ಪ್ರಯತ್ನವನ್ನಂತೂ ಮಾಡಿದೆ. ಲಾಯರು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, "ಮೇಡಂ, ಆ ಒಂದು ಸಾಲು ಬರೆದರೆ ತಂದೆ ಕಟ್ಟಿಸಿದ್ದಲ್ಲ ಅಂತಾಯ್ತು. ತಂದೆ ಕಟ್ಟಿಸಿದ್ದಲ್ಲ ಅಂದ್ರೆ ಹೊಸದು. ಹೊಸದು ಅಂದ್ರೆ ಲೈಸೆನ್ಸ್ ಎಲ್ಲಿ ಅಂತಾರೆ. ನೀವು ಕೇಳ್ತಿರೋ ಸಾಲೇ ನಿಮ್ಮ ರೂಮನ್ನ ಬೀಳಿಸುತ್ತೆ," ಎಂದರು.

ಹೊರಗೆ ಬಂದ ಮೇಲೆ ಮಾಲೀಕರು ನನ್ನನ್ನು ಒಂದು ಕಡೆ ಕರೆದರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ತಗ್ಗಿದ ದನಿಯಲ್ಲೇ ಮಾತಾಡಿದರು.

"ಮೇಡಂ, ನೀವು ಓದ್ದೋರು. ನಮ್ಮೂರ ಇಸ್ಯ ನಿಮ್ಗೆ ಗೊತ್ತಾಗಾಕಿಲ್ಲ. ಅಕ್ಕನ ಸಂಬಳ್ದಲ್ಲಿ ಮನೆ ಕಟ್ಸ್ಕಂಡ ಅಂತ ರಿಜಿಸ್ಟ್ರು ಕಾಗ್ದದಲ್ಲೇ ಬರ್ದು ಮಡಗಿದ್ರೆ, ನಾನು ಎಂಗ್ ತಲೆ ಎತ್ಕಂಡ್ ತಿರುಗ್ಲಿ? ಇಟ್ಗೆ ತಲೆ ಮೇಲೆ ಒತ್ತೋನು ನಾನೇ ಅಲ್ವಾ? ಮರಳ್ಗೆ ಬಿಳಿಗೆರೆಗಂಟ ಓಗಿ ಗಾಡಿ ಇಡ್ಕಂಡ್ ಬಂದೋನು ನಾನೇ. ಅದ್ನೂ ಬರ್ಸಿ ಅಂತ ಕೇಳುದ್ನಾ?"

ಅದೂ ನಿಜವಿರಬಹುದು. ಅವರು ಕೆಟ್ಟವರಲ್ಲ. ಅಕ್ಕನ ಔಷಧಿ ತಂದುಕೊಡುತ್ತಿದ್ದವರು ಅವರೇ, ಅಕ್ಕ ಊಟ ಮಾಡದೆ ತಾವು ಮಾಡುತ್ತಿರಲಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಹೆಸರಿನ ವಿಷಯ ಬಂದಾಗ ಮಾತ್ರ ಅವರ ಮುಖದಲ್ಲಿ ಒಂದು ಕದ ಹಾಕಿಕೊಳ್ಳುತ್ತಿತ್ತು.

ನನಗೆ ಈ ಮನೆ ಬೇಡ ಎಂದು ಮಾಲೀಕರಿಗೆ ಫೋನು ಮಾಡಿ ತಿಳಿಸಿದೆ. ನಿಜವಾಗಿ ಬೇಡವಾಗಿತ್ತೇ? ಕರ್ಟನ್ ಬಟ್ಟೆ ಆಗಲೇ ತಂದಿದ್ದೆ. ಮಾರನೆಯ ದಿನ ನರ್ಸಕ್ಕ ತಾವೇ ನನಗೆ ಫೋನು ಮಾಡಿದರು. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ಮನೆಯವರಿಗೆ ಕೇಳಿಸದಿರಲೆಂದು ಅಲ್ಲಿಯವರೆಗೆ ನಡೆದು ಹೋಗಿದ್ದರೆಂದು ಕಾಣುತ್ತದೆ.

"ಬ್ಯಾಡ ಅಂದ್ರಂತೆ? ನೀವು ಬುಟ್ರೆ ಇನ್ನೊಬ್ರು ತಕ್ಕತಾರೆ ಕಣವ್ವ. ಆಗ್ಲೇ ಇಬ್ರು ಬಂದು ನೋಡ್ಕಂಡೋದ್ರು. ಒಬ್ಬ ಆ ಸರಳ್ನ ಕಿತ್ತಾಕ್ಬೇಕು ಅಂದ. ಇನ್ನೊಬ್ಬ ಇಡೀ ಮನೆನೇ ಕೆಡವಿ ಅಂಗಡಿ ಕಟ್ತಾನಂತೆ. ನೀವಾದ್ರೆ ಇದ್ದಂಗೇ ಮಡೀಕತೀರಿ. ಯೆಸ್ರು ಓದ್ರೆ ಓಯ್ತದೆ, ರೂಮಾದ್ರೂ ಉಳೀಲಿ."

ಹೀಗೆ ಆ ಮನೆ ನನ್ನದಾಯಿತು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಳಗ್ಗೆ ಹೋದವರು ಮಧ್ಯಾಹ್ನದವರೆಗೆ ಸರ್ವರ್ ಬರಲೆಂದು ಕಾದೆವು. ನರ್ಸಕ್ಕ ಒಗೆದು ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ಬಂದಿದ್ದರು, ನೀಲಿ ಅಂಚಿನದು, ಡ್ಯೂಟಿಯ ಕಾಲದ್ದಿರಬೇಕು. ಕಂಪ್ಯೂಟರಿನ ಮುಂದಿದ್ದ ಹುಡುಗಿ ತಲೆ ಎತ್ತದೆ, "ಗಂಡನ ಹೆಸರು?" ಅಂದಳು.

"ತಂದೆದೇ ಆಕವ್ವ," ಎಂದರು ನರ್ಸಕ್ಕ. "ಎಲ್ಲಾನೂವೆ ತಂದೆದೇ."

ಮಾಲೀಕರು ಕಿಟಕಿಯ ಹೊರಗೆ ನೋಡುತ್ತಿದ್ದರು. ನರ್ಸಕ್ಕ ಸಹಿ ಹಾಕಿದರು. ಅಕ್ಷರಗಳು ಒಂದಕ್ಕೊಂದು ತಾಗದ ಹಾಗೆ, ಹೆರಿಗೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಹಾಗೆ, ನಿಧಾನವಾಗಿ. ಹೆಬ್ಬೆರಳು ಒತ್ತಿದರು. ಫೋಟೋಗೆ ಮುಖ ಎತ್ತಿ ಎಂದಾಗ ಎತ್ತಿದರು.

ಹೊರಗೆ ಬಂದ ಮೇಲೆ ನಾನು ಹಿಂದಿನ ರಾತ್ರಿಯಿಂದ ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡಿದ್ದ ಮಾತು ಹೇಳಿದೆ. ನೀವು ಇಲ್ಲೇ ಇರಿ, ನನಗೊಬ್ಬಳಿಗೆ ಅಷ್ಟು ದೊಡ್ಡ ಮನೆ ಯಾಕೆ, ವಿ ವಿಲ್ ಬಿ ಕಂಪನಿ ಫಾರ್ ಈಚ್ ಅದರ್. ನರ್ಸಕ್ಕ ನನ್ನ ಕೈ ಹಿಡಿದುಕೊಂಡರು. ನಾಡಿ ನೋಡುವವರು ಹಿಡಿದ ಹಾಗಿತ್ತು.

"ನೀವು ಒಳ್ಳೇರು. ಆದ್ರೆ ದಿನಾ ಬೆಳಗೆದ್ದು, ಇದು ನಿಮ್ದು ಅಂತ ನಾನು ಗೆಪ್ತಿ ಮಾಡ್ಕಬೇಕಾಯ್ತದಲ್ಲವ್ವ. ಈ ವಯ್ಸಲ್ಲಿ ಆಗಾಕಿಲ್ಲ."

ತಮ್ಮನ ಜೊತೆ ಮೈಸೂರಿಗೂ ಅವರು ಹೋಗಲಿಲ್ಲ. ಮಾಲೀಕರು ಬೇಡಿಕೊಂಡರು, ಕಡೆಗೆ ಕೂಗಾಡಿದರು. ನರ್ಸಕ್ಕ ಟಿ. ನರಸೀಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. "ಆ ಸುತ್ನಲ್ಲಿ ಅರ್ಧ ಜನ ನನ್ ಕೈಲಿ ಉಟ್ಟಿರೋದು, ಯಾರಾದ್ರೂ ಸೊಪ್ಪು ತಂದ್ಕೊಡ್ತಾರೆ" ಅಂದರಂತೆ.

ನಾನು ಗೋಡೆಗೆ ಮೊಳೆ ಹೊಡೆಸಿ ನಮ್ಮವರ ಫೋಟೋ ಹಾಕಿದೆ. ಸರಳನ್ನು ಮುಟ್ಟಲಿಲ್ಲ, ಬಣ್ಣವನ್ನೂ ಹಾಕಿಸಲಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲೇ ಸೀಬೆಮರ ನೋಡುತ್ತೇನೆ. ಗಿಳಿಗಳು ಅರ್ಧ ತಿಂದು ಬಿಟ್ಟ ಹಣ್ಣು ಕೆಳಗೆ ಬೀಳುವ ಸದ್ದು ಕೇಳುತ್ತದೆ. ಇಷ್ಟು ಅನುಕೂಲವಾದ ಕೋಣೆಯಲ್ಲಿ ನಾನು ಹಿಂದೆಂದೂ ಮಲಗಿದವಳಲ್ಲ, ಇಷ್ಟು ಬೇಗ ಎಚ್ಚರವಾಗುವವಳೂ ಆಗಿರಲಿಲ್ಲ.

ಖಾತೆ ನನ್ನ ಹೆಸರಿಗೆ ಆಗಬೇಕೆಂದು ಅರ್ಜಿ ಕೊಟ್ಟ ಮೇಲೆ, ಮನೆ ಅಳೆಯಲು ನಗರಸಭೆಯಿಂದ ಒಬ್ಬರು ಬಂದರು. ಮಧ್ಯವಯಸ್ಕರು, ಮಾತುಗಾರರು. ಟೇಪು ಹಿಡಿದು ಅಳೆದು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಕೇಳಿದರು.

"ಇಂದಿನ್ ರೂಮ್ಗಳು ಯಾರ್ ಕಟ್ಸಿದ್ದಮ್ಮ?"

"ಕ್ರಯಪತ್ರದಲ್ಲಿ ಬರೆದಿದೆಯಲ್ಲ."

"ಬರ್ದದೆ. ಆದ್ರೂ ಬಾಯಲ್ಲಿ ಒಂದ್ಸಲ ಕೇಳ್ಬೇಕು."

ಬಾಗಿಲ ಬಳಿ ಸರಳು ಹಿಡಿದು ನಿಂತಿದ್ದೆ. ನಿಜ ಹೇಳಿದರೆ ಏನಾಗುತ್ತದೆಂದು ಲಾಯರು ಹೇಳಿದ್ದು ನೆನಪಿತ್ತು, ಬಸ್‌ಸ್ಟ್ಯಾಂಡಿನಿಂದ ಬಂದ ಫೋನೂ ನೆನಪಿತ್ತು.

"ಅವರ ತಂದೆ," ಎಂದೆ.

ಆತ ಬಚ್ಚಲಿಗೆ ಇಣುಕಿ ನೋಡಿದರು. ಕೂತು ಏಳಲು ಎತ್ತರದ ಕಮೋಡು, ಅದರ ಪಕ್ಕದ ಹಿಡಿಕೆ, ಇಳಿಜಾರಿನ ನೆಲ ಎಲ್ಲ ನೋಡಿ ಹುಬ್ಬೇರಿಸಿದರು.

"ಆ ಕಾಲಕ್ಕೇ ಕಮೋಡಾ? ಅಬ್ಬಬ್ಬ! ಎಷ್ಟು ಅಚ್ಚುಕಟ್ಟಾಗ್ ಮಾಡ್ಸವ್ರೆ. ಮುದುಕಪ್ಪ ಭಾರಿ ಫಾರ್ವರ್ಡ್ ಕಣಮ್ಮ!"

ಆ ವಾರವೇ ನಾನು ಟಿ. ನರಸೀಪುರದ ಬಸ್ಸು ಹತ್ತಿದೆ. ಯಾಕೆ ಹೋಗುತ್ತಿದ್ದೇನೆಂದು ನನಗೇ ಸ್ಪಷ್ಟವಿರಲಿಲ್ಲ. ನರ್ಸಕ್ಕನ ಕೋಣೆ ಒಂದು ಅಂಗಡಿಯ ಹಿಂದಿತ್ತು. ಕಡಿದಾದ ಮೆಟ್ಟಿಲು, ಮೊಣಕಾಲೆತ್ತರದ ಹೊಸಿಲು, ಬಚ್ಚಲು ಓಣಿಯ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದೇ. ಅವರು ಸ್ಟೌ ಹಚ್ಚಿ ಕಾಫಿಗೆ ಹಾಲಿಟ್ಟರು. ಕುಡಿಯಲು ನೀರು ಕೊಟ್ಟರು. ಅವರ ತುಟಿ ಒಣಗಿದ್ದನ್ನು ನೋಡಿ ನಾನು ಲೋಟ ಕೆಳಗಿಟ್ಟೆ.

ಅಳತೆಯವರು ಬಂದದ್ದನ್ನು ಹೇಳಿದೆ. ನಾನೇನೆಂದೆ ಎನ್ನುವುದನ್ನೂ ಹೇಳಿದೆ. ಮುದುಕಪ್ಪ ಭಾರಿ ಫಾರ್ವರ್ಡ್ ಎಂದದ್ದನ್ನು ಹೇಳಿದಾಗ ಅವರು ಜೋರಾಗಿ ನಕ್ಕರು.

"ಅಪ್ಪನಾ! ಮನೆ ಒಳ್ಗೆ ಕಕ್ಕಸ್ಸು ಕಟ್ಸುದ್ರೆ ನಾನು ಮನೆ ಬುಟ್ಟೋಯ್ತೀನಿ ಅಂದಿದ್ದೋನು! ಸಾಯೋಗಂಟ ಚೊಂಬು ಇಡ್ಕಂಡು ಒಳೆ ಕಡೆಗೇ ಓಯ್ತಿದ್ದ!"

ನಾನೂ ನಕ್ಕೆ. ಇಬ್ಬರೂ ಕಣ್ಣು ಒರೆಸಿಕೊಂಡೆವು. ಸ್ವಲ್ಪ ಹೊತ್ತಾದ ಮೇಲೆ, ಬೇರೇನೋ ಕೇಳುವವರ ಹಾಗೆ, ಅವರು ಕೇಳಿದರು.

"ಅಚ್ಚುಕಟ್ಟಾಗದೆ ಅಂದ್ರಾ ಅವ್ರು?"

"ಅಂದರು."

"ಬಚ್ಚಲು ನೋಡಿ ಅಂದ್ರಾ, ರೂಮಾ?"

"ಎರಡೂ ನೋಡಿ ಅಂದರು. ನೆಲದ ಇಳಿಜಾರನ್ನೂ ನೋಡಿದರು."

ನರ್ಸಕ್ಕ ತಲೆಯಾಡಿಸಿದರು. "ಓಗ್ಲಿ ಬುಡಿ. ಯೆಸ್ರು ಅಪ್ಪಂಗೇ ಓಯ್ತಲ್ಲ, ಬೇರೇರಿಗೇನಲ್ಲ," ಎಂದು ಸ್ಟೌವಿನ ಕಡೆ ತಿರುಗಿದರು. ಹಾಲು ಇನ್ನೂ ಕಾದಿರಲಿಲ್ಲ. ಆದರೂ ಅವರು ಅದನ್ನೇ ನೋಡುತ್ತ, ನನ್ನ ಕಡೆ ಬೆನ್ನು ಮಾಡಿ, ಬಹಳ ಹೊತ್ತು ನಿಂತೇ ಇದ್ದರು.